ಟ್ಯಾಂಕ್ ತುಂಬಿ ಹರಿದ್ರೂ ಮೋಟರ್ ನಿಲ್ತಿಲ್ಲ, ಏನ್ಮಾಡೋದು?

ಪ್ರಶ್ನೆ: ನಮ್ದು ಬೆಂಗಳೂರಿನ ವಿಜಯನಗರದಲ್ಲಿ ಎರಡು ಫ್ಲೋರ್ ಮನೆ. ಸಂಪಿಗೂ ಮೇಲಿನ ಟ್ಯಾಂಕಿಗೂ ಫ್ಲೋಟ್ ಸ್ವಿಚ್ (ನೀರಲ್ಲಿ ತೇಲ್ತಾ ಮಟ್ಟ ನೋಡಿ ಮೋಟರ್ ತಾನಾಗೇ ಆನ್ ಆಫ್ ಮಾಡೋದು) ಹಾಕ್ಸಿದೀವಿ. ಈಗೀಗ ಟ್ಯಾಂಕ್ ತುಂಬಿ ಹರಿದ್ರೂ ಮೋಟರ್ ಆಫ್ ಆಗಲ್ಲ. ಎಲೆಕ್ಟ್ರಿಷಿಯನ್ ಇಡೀ ಕಂಟ್ರೋಲರ್ ಬಾಕ್ಸ್ ಬದಲಾಯಿಸಿ ಅಂತಿದಾರೆ, ಬದಲಾಯಿಸ್ಲಾ?

ಉತ್ತರ: ಈಗ್ಲೇ ಬೇಡ, ಮೊದ್ಲು ತಪ್ಪು ಎಲ್ಲಿದೆ ಅಂತ ನೋಡ್ಕೊಳ್ಳಿ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಮಾಡ್ಕೊಂಡು ಬಂದ ಕಾವೇರಿ ನೀರು ಟೆರೇಸಿಂದ ಮೋರಿಗೆ ಹೋಗೋದು ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ, ಆದ್ರೆ ಎಷ್ಟೋ ಸಲ ಕಾರಣ ತುಂಬ ಚಿಕ್ಕದಿರತ್ತೆ.

ಫ್ಲೋಟ್ ಒಳಗೆ ಒಂದು ಗುಂಡು, ಒಂದು ಪುಟ್ಟ ಸ್ವಿಚ್ ಇರತ್ತೆ ಅಷ್ಟೆ. ನೀರು ಏರಿದಾಗ ಫ್ಲೋಟ್ ತಲೆಕೆಳಗಾಗಿ ಗುಂಡು ಉರುಳಿ ಸ್ವಿಚ್ ಒತ್ತತ್ತೆ, 'ಟಕ್' ಅಂತ ಸದ್ದು ಕೇಳ್ಸತ್ತೆ. ಮೇಲಿನ ಟ್ಯಾಂಕಲ್ಲಿ ಫ್ಲೋಟ್ ಎದ್ರೆ ಮೋಟರ್ ಆಫ್ ಆಗ್ಬೇಕು, ಸಂಪಲ್ಲಿ ಫ್ಲೋಟ್ ಕೆಳಗೆ ಬಿದ್ರೆ ಆಫ್ ಆಗ್ಬೇಕು, ಯಾಕಂದ್ರೆ ಅಲ್ಲಿ ನೀರು ಖಾಲಿ. ಎರಡೂ ಒಂದೇ ಸಾಮಾನು, ವೈರ್ ಹಾಕೋದು ಮಾತ್ರ ಉಲ್ಟಾ. ವೈರ್ ಬಣ್ಣ ಕಂಪನಿಗೊಂದು ಥರ ಇರತ್ತೆ, ಬಣ್ಣ ನಂಬ್ಕೊಂಡು ಕನೆಕ್ಷನ್ ಕೊಡೋ ಬದ್ಲು ಮಲ್ಟಿಮೀಟರ್ ಇಟ್ಟು ನೋಡಿ ಅಂತ ಹೇಳಿ.

ಈಗ ಟೆಸ್ಟ್. ಮೋಟರ್ ಓಡ್ತಿರೋವಾಗ ಒಣಗಿರೋ ಪಿವಿಸಿ ಪೈಪಿಂದ ಟ್ಯಾಂಕಿನ ಫ್ಲೋಟ್ ಮೇಲಕ್ಕೆತ್ತಿ, ಕೈ ಮಾತ್ರ ನೀರಿಗೆ ಹಾಕ್ಬೇಡಿ. ಮೋಟರ್ ನಿಂತ್ರೆ ಸ್ವಿಚ್ ಸರಿ ಇದೆ, ಕೇಬಲ್ ಎಲ್ಲೋ ಪೈಪಿಗೆ ಸಿಕ್ಕಾಕೊಂಡಿದೆ ಅಥ್ವಾ ಫ್ಲೋಟ್ ಟ್ಯಾಂಕ್ ಗೋಡೆಗೆ ತಾಗಿ ಏಳಕ್ಕಾಗ್ತಿಲ್ಲ. ನಿಲ್ಲದಿದ್ರೆ ಎಂಸಿಬಿ ಆಫ್ ಮಾಡಿ ಫ್ಲೋಟ್ ಹೊರಗೆ ತೆಗೆದು ಅಲ್ಲಾಡ್ಸಿ, ಒಳಗೆ ನೀರಿನ ಸದ್ದು ಬಂದ್ರೆ ಅದು ಸತ್ತಿದೆ, ಬಿಸಾಕಿ ಹೊಸದು ತನ್ನಿ. 'ಟಕ್' ಅಂತಿದ್ರೂ ಮೋಟರ್ ನಿಲ್ಲಲ್ಲ ಅಂದ್ರೆ ಬಾಕ್ಸ್ ಒಳಗಿನ ರಿಲೇ ಅಥ್ವಾ ಕಾಂಟ್ಯಾಕ್ಟರ್ (ಫ್ಲೋಟ್ ಹೇಳಿದಂಗೆ ಮೋಟರಿನ ಕರೆಂಟ್ ಕೊಡೋ, ಕಟ್ ಮಾಡೋ ಸ್ವಿಚ್) ಪಾಯಿಂಟ್ ಸುಟ್ಟು ಅಂಟ್ಕೊಂಡಿರ್ಬೋದು, ವೈರಿಂಗ್ ಒಂದ್ಸಲ ನೋಡಿ ಅದೊಂದನ್ನೇ ಬದಲಾಯಿಸೋಕಾಗತ್ತಾ ಕೇಳಿ. ಮೋಟರ್ ಸ್ಟಾರ್ಟ್ ಆಗೋವಾಗ ಓಡೋ ಕರೆಂಟಿಗಿಂತ ಹಲವು ಪಟ್ಟು ಜಾಸ್ತಿ ಎಳೆಯತ್ತೆ, ಕೆಲವು ಮನೇಲಿ 1 ಎಚ್‌ಪಿ ಮೋಟರನ್ನ ನೇರವಾಗಿ ಫ್ಲೋಟ್ ಮೂಲಕಾನೇ ಓಡಿಸ್ತಾರೆ, ಹಂಗೆ ಮಾಡಿದ್ರೆ ಪಾಯಿಂಟ್ ಬೇಗ ಹೋಗತ್ತೆ. ಮಧ್ಯೆ ಕಾಂಟ್ಯಾಕ್ಟರ್ ಇರ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಸಂಪಿನ ಫ್ಲೋಟೂ ಜೊತೆಗೇ ನೋಡ್ಬಿಡಿ. ಫುಟ್‌ವಾಲ್ವ್ (ನೀರೆಳೆಯೋ ಪೈಪಿನ ಕೆಳತುದೀಲಿರೋ ವಾಲ್ವ್) ಗಾಳಿ ಎಳೆಯೋಕೆ ಮುಂಚೆನೇ ಅದು ಮೋಟರ್ ನಿಲ್ಲಿಸ್ಬೇಕು, ಇಲ್ಲಾಂದ್ರೆ ನೀರಿಲ್ದೆ ಓಡಿ ಸೀಲ್ ಸುಟ್ಟೋಗತ್ತೆ. ಮೋಟರ್ ಪದೇಪದೇ ಆನ್ ಆಫ್ ಆಗ್ತಿದ್ರೆ ಕೇಬಲ್ ಮೇಲಿರೋ ತೂಕದ ತುಂಡನ್ನ ಫ್ಲೋಟಿಂದ ಸ್ವಲ್ಪ ದೂರ ಸರಿಸಿ, ಆನ್ ಆಗೋ ಮಟ್ಟಕ್ಕೂ ಆಫ್ ಆಗೋ ಮಟ್ಟಕ್ಕೂ ಅಂತರ ಜಾಸ್ತಿ ಆಗತ್ತೆ. ಮತ್ತೆ ಒಂದು ಮಾತು, ಇದಕ್ಕೋಸ್ಕರ ಯಾರೂ ಸಂಪ್ ಒಳಗೆ ಇಳೀಬೇಡಿ, ಮುಚ್ಚಿದ ಸಂಪಲ್ಲಿ ಆಮ್ಲಜನಕ ಕಮ್ಮಿ ಇದ್ದು ಪ್ರಾಣ ಹೋಗಿರೋದಿದೆ. ಕೇಬಲ್ಲನ್ನ ಮುಚ್ಚಳದ ಹತ್ರ ಕೊಕ್ಕೆಗೆ ಕಟ್ಟಿಸಿ, ಮೇಲಿಂದಾನೇ ಎಳೆದು ತೆಗೀಬೋದು.

ಪ್ರಶ್ನೆ: ಬೆಳ್ಳಂದೂರು ಕಡೆ ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಮಳೆನೀರು ಎತ್ತೋಕೆ ಪಂಪ್ ಇದೆ. ಮೊನ್ನೆ ಜೋರು ಮಳೇಲಿ ಆಟೋ ಮೋಡಲ್ಲಿ ಸ್ಟಾರ್ಟೇ ಆಗ್ಲಿಲ್ಲ, ಮ್ಯಾನುಯಲಲ್ಲಿ ಹಾಕಿದ್ಮೇಲೆ ಓಡ್ತು.

ಉತ್ತರ: ಹಂಗಾದ್ರೆ ಪಂಪ್ ಸರಿ ಇದೆ, ಹೆಚ್ಚಾಗಿ ಫ್ಲೋಟ್ ಅಥ್ವಾ ಅದರ ವೈರಲ್ಲೇ ತೊಂದ್ರೆ ಇರತ್ತೆ. ಇಲ್ಲಿ ನೀರು ಏರಿದ್ರೆ ಪಂಪ್ ಆನ್ ಆಗ್ಬೇಕು. ಗುಂಡೀಲಿ ಕೆಸರು, ಎಲೆ, ಪ್ಲಾಸ್ಟಿಕ್ ಕವರ್ ಸೇರ್ಕೊಂಡು ಫ್ಲೋಟನ್ನ ಏಳೋಕೇ ಬಿಡಲ್ಲ, ಮಳೆ ಇಲ್ಲದ ತಿಂಗಳುಗಳಲ್ಲಿ ಯಾರೂ ಅದರ ಕಡೆ ತಿರುಗಿ ನೋಡಿರಲ್ಲ. ಪವರ್ ಆಫ್ ಮಾಡಿಸಿ ಗುಂಡಿ ಕ್ಲೀನ್ ಮಾಡಿಸಿ, ಆಮೇಲೆ ಆಟೋದಲ್ಲಿಟ್ಟು ಟ್ಯೂಬಲ್ಲಿ ನೀರು ಬಿಟ್ಟು ತಾನಾಗೇ ಆನ್ ಆಗತ್ತಾ, ಖಾಲಿಯಾದ್ಮೇಲೆ ನಿಲ್ಲತ್ತಾ ಕಣ್ಣಾರೆ ನೋಡಿ. ಏಪ್ರಿಲ್-ಮೇ ಮಳೆ ಶುರು ಆಗೋಕೆ ಮುಂಚೆ ಪ್ರತಿ ವರ್ಷ ಇದನ್ನ ಮಾಡ್ಲೇಬೇಕು. ಮಳೆ ಬಂದಾಗ್ಲೇ ಕರೆಂಟ್ ಹೋಗೋದು, ಹಾಗಾಗಿ ಆ ಪಂಪ್ ಜನರೇಟರ್ ಲೈನಲ್ಲಿದ್ಯಾ ಅಂತ್ಲೂ ಕೇಳ್ಕೊಳ್ಳಿ. ಬೇಸ್‌ಮೆಂಟಲ್ಲಿ ನೀರು ನಿಂತಿದ್ರೆ ಮೇನ್ ಆಫ್ ಆಗೋ ತನಕ ಸೆಕ್ಯೂರಿಟಿಯವರನ್ನ ಒಳಗೆ ಕಳಿಸ್ಬೇಡಿ.

ಪ್ರಶ್ನೆ: ನಮ್ದು ಬೋರ್‌ವೆಲ್ ನೀರು. ಟ್ಯಾಂಕಲ್ಲಿ ಸ್ಟೀಲ್ ಕಡ್ಡಿ ಥರದ ಸೆನ್ಸರ್ ಇದೆ, ಆಗಾಗ ತಪ್ಪು ಲೆವೆಲ್ ತೋರ್ಸತ್ತೆ.

ಉತ್ತರ: ಗಡಸು ನೀರಿನ ಬಿಳಿ ಪದರ ಕಟ್ಟಿರತ್ತೆ. ಪವರ್ ಆಫ್ ಮಾಡಿ ಸೆನ್ಸರ್ ಹೊರಗೆ ತೆಗೆದು ವಿನೆಗರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹಳೇ ಟೂತ್‌ಬ್ರಷಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ವಾಪಸ್ ಹಾಕಿ. ಮತ್ತೆ ಮತ್ತೆ ಹಿಂಗೇ ಆಗ್ತಿದ್ರೆ ಕಡ್ಡಿ ಬಿಟ್ಟು ಫ್ಲೋಟ್ ಹಾಕ್ಸಿ, ಬೋರ್ ನೀರಿಗೆ ಅದೇ ವಾಸಿ.