ಅಲ್ಪವಿರಾಮ ನುಂಗಿದ ಕಾದಂಬರಿ

ಪ್ರಶ್ನೆ: ಹೊರರಾಜ್ಯದ ಗೆಳತಿಗೆ ಕನ್ನಡ ಪುಸ್ತಕಗಳ ಬಗ್ಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತೇನೆ. 'ದಿಸ್ ಈಸ್ ದ ಬುಕ್ ವಿಚ್ ಐ ಟೋಲ್ಡ್ ಯೂ' ಎಂಬ ವಾಕ್ಯವನ್ನೂ 'ಕುವೆಂಪೂಸ್ ನಾವೆಲ್, ವಿಚ್ ಕೇಮ್ ಔಟ್ ಇನ್ 1967' ಎಂಬಲ್ಲಿನ ಅಲ್ಪವಿರಾಮವನ್ನೂ ಮಗಳು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದಳು. ಯಾಕೆ ಅಂದರೆ 'ಕೇಳೋಕೆ ಸರಿಯಾಗಿಲ್ಲ ಅಮ್ಮ' ಅಂತಾಳೆ. ಸರಿಯೇ ಸಾರ್?
– ಓದುಗರೊಬ್ಬರು, ಸಾಗರ

ಉತ್ತರ: ಮಗಳ ಕಿವಿ ಚುರುಕಾಗಿದೆ ತಾಯಿ. ಕಾರಣ ನಾನು ಹೇಳುತ್ತೇನೆ.

ಮೊದಲ ತಪ್ಪನ್ನು ಮಾಡಿಸಿದ್ದು ನಮ್ಮ ಕನ್ನಡವೇ. 'ನಾನು ಬರೆದ ಪುಸ್ತಕ', 'ನಾನು ಬರೆದ ಪೆನ್ನು', 'ನಾನು ಬರೆದ ಮೇಜು': ಮೂರಕ್ಕೂ ಒಂದೇ 'ಬರೆದ'. ಪೆನ್ನಿನಿಂದಲೋ ಮೇಜಿನ ಮೇಲೋ ಎಂಬುದನ್ನು ಹೇಳುವ ಗೊಡವೆಯಿಲ್ಲ, ಕೇಳುವವರಿಗೆ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಹಾಗೆ ನುಂಗುವಂತಿಲ್ಲ. 'ದ ಪೆನ್ ಐ ರೋಟ್ ವಿತ್', 'ದ ಟೇಬಲ್ ಐ ರೋಟ್ ಅಟ್'. ನಿಮ್ಮದೂ 'ದ ಬುಕ್ ಐ ಟೋಲ್ಡ್ ಯೂ ಅಬೌಟ್' ಆಗಬೇಕು. ವಾಕ್ಯದ ಬಾಲದಲ್ಲಿ 'ಅಬೌಟ್' ನೇತಾಡಬಾರದು ಅಂತ ನಮ್ಮ ಮೇಷ್ಟ್ರು ಬೆತ್ತ ಹಿಡಿದು ಹೇಳಿದ್ದರು, ನಾನೂ ಬಹಳ ವರ್ಷ ಅದನ್ನೇ ಪಾಠ ಮಾಡಿದೆ. ಧಾರಾಳವಾಗಿ ನೇತಾಡಲಿ.

ಇನ್ನು ಅಲ್ಪವಿರಾಮ. '1967ರಲ್ಲಿ ಬಂದ ಕುವೆಂಪು ಕಾದಂಬರಿ' ಎಂದರೆ ಅವರು ಬರೆದದ್ದು ಒಂದೋ ಹೆಚ್ಚೋ, ಕನ್ನಡ ಬಾಯಿ ಬಿಡುವುದಿಲ್ಲ. ಇಂಗ್ಲಿಷಿನ ಅಲ್ಪವಿರಾಮ ಬಿಡುತ್ತದೆ. 'ಕುವೆಂಪೂಸ್ ನಾವೆಲ್' ಆದ ಮೇಲೆ ಅದನ್ನು ಹಾಕಿದರೆ ಅವರ ಕಾದಂಬರಿ ಅದೊಂದೇ, 1967 ಎಂಬುದು ಸುಮ್ಮನೆ ಸೇರಿಸಿದ ಮಾಹಿತಿ ಎಂದಾಗುತ್ತದೆ. ಹಾಗಾದರೆ 1936ರ ಕಾನೂರು ಹೆಗ್ಗಡಿತಿ ಎಲ್ಲಿ ಹೋದಳು? 'ದ ಕುವೆಂಪು ನಾವೆಲ್ ದಟ್ ಕೇಮ್ ಔಟ್ ಇನ್ 1967' ಎನ್ನಿ, ಇಬ್ಬರೂ ಉಳಿಯುತ್ತಾರೆ. ಹೆಸರನ್ನೇ ಹೇಳಿದರೆ ಮಾತ್ರ ಲೆಕ್ಕ ತಿರುಗಾಮುರುಗಾ: 'ಮಲೆಗಳಲ್ಲಿ ಮದುಮಗಳು, ವಿಚ್ ಕೇಮ್ ಔಟ್ ಇನ್ 1967'. ಆ ಹೆಸರಿನ ಕಾದಂಬರಿ ಒಂದೇ ಆದ್ದರಿಂದ ಇಲ್ಲಿ ಅಲ್ಪವಿರಾಮ ಬೇಕೇ ಬೇಕು, 'ದಟ್' ಕೂಡದು. ಅಲ್ಪವಿರಾಮ ಇಲ್ಲದ ಕಡೆ 'ವಿಚ್', 'ದಟ್' ಎರಡೂ ನಡೆಯುತ್ತವೆ. ಅಮೆರಿಕದ ಸಂಪಾದಕರಿಗೆ 'ದಟ್' ಮೇಲೆ ಒಲವು, ಅಷ್ಟೇ.

ನೀವು ಕೇಳದ ಇನ್ನೊಂದು. 'ಹೂಝ್' ಮನುಷ್ಯರಿಗೆ ಮಾತ್ರ ಎಂದು ಹೆದರಿ 'ದ ಕವರ್ ಆಫ್ ವಿಚ್' ಎಂದು ಹೆಣಗುವವರಿದ್ದಾರೆ. ರಟ್ಟು ಕಿತ್ತುಹೋದ ಪುಸ್ತಕ 'ಎ ಬುಕ್ ಹೂಝ್ ಕವರ್ ಈಸ್ ಟಾರ್ನ್' ಎಂದರೆ ಪೂರ್ತಿ ಸರಿ. ತರಗತಿಯಲ್ಲಿ ಈ ಪದ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರು ಮೂಗು ಮುಚ್ಚಿಕೊಂಡು ಕಿಸಕ್ಕನೆ ನಗುತ್ತಿದ್ದರು. ಪತ್ರದಲ್ಲಿ ಆ ತೊಂದರೆ ಇಲ್ಲ.