ಮಗನಿಗೆ 5 ಅಂಕ ಬಂತು ಅಂತ ಹೆದರಬೇಡಿ

ಪ್ರಶ್ನೆ: ನನ್ನ ಮಗನಿಗೆ 8 ವರ್ಷ. ಗಂಡ ಕುಡಿದು ಬಂದು ಅವನ ಎದುರೇ ನನ್ನನ್ನು ಹೊಡೆಯುತ್ತಿದ್ದರು. ಹೋದ ವರ್ಷ ತವರಿಗೆ ಬಂದೆ. ಈಗಲೂ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಮಗ ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದೆ. ಬಾಗಲಕೋಟೆಗೆ ಥೆರಪಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಚಿತ್ರ ಬರೆಸುತ್ತಾರೆ, ಆಟ ಆಡಿಸುತ್ತಾರೆ, ಅಷ್ಟೇ. ಮೊಬೈಲ್‌ನಲ್ಲಿ ಬಾಲ್ಯದ ಕಷ್ಟಗಳ 10 ಪ್ರಶ್ನೆಗಳಿಗೆ ಉತ್ತರ ತುಂಬಿದೆ. 5 ಅಂಕ ಬಂತು. ಮುಂದೆ ಹೃದಯದ ಕಾಯಿಲೆ ಬರಬಹುದು ಅಂತ ಇತ್ತು. ನಮ್ಮ ಅವ್ವ ‘ಕೆದಕಬ್ಯಾಡ, ತಾನ ಮರೀತಾನ’ ಅಂತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಮುಧೋಳ ತಾಲ್ಲೂಕು

ಉತ್ತರ: ಮೊದಲು ಆ ಅಂಕದ ಮಾತು ಮುಗಿಸೋಣ. ಆ ಪ್ರಶ್ನೆಗಳ ಮೂಲ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆದ ಅಧ್ಯಯನ. ಒಟ್ಟು 17,000ಕ್ಕೂ ಹೆಚ್ಚು ದೊಡ್ಡವರನ್ನು ಅವರ ಬಾಲ್ಯದ ಬಗ್ಗೆ ಕೇಳಿದ್ದರು. ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರ ಮೊದಲ ವರದಿ ಬಂದದ್ದು 1998ರಲ್ಲಿ. ಕಷ್ಟದ ಬಗೆಗಳು ಹೆಚ್ಚಿದ್ದವರಲ್ಲಿ ಖಿನ್ನತೆ, ಕುಡಿತ, ಹೃದಯದ ಕಾಯಿಲೆ ಜಾಸ್ತಿ ಕಂಡವು. ಅದು ನಿಜವೇ. ಆದರೆ ಅದು ಸಾವಿರಾರು ಜನರ ಲೆಕ್ಕ. ತಾಲ್ಲೂಕಿನ ಮಳೆ ಲೆಕ್ಕ ನೋಡಿ ನಿಮ್ಮ ಹೊಲದ ಜೋಳ ಹೇಗಿದೆ ಅಂತ ಹೇಳೋಕಾಗುತ್ತಾ? ಈ ಅಂಕ ಹಿಡಿದು ಒಬ್ಬೊಬ್ಬರ ಅಪಾಯ ಅಳೆಯಬೇಡಿ ಅಂತ ಆಂಡಾ ಅವರೇ 2020ರಲ್ಲಿ ಬರೆದಿದ್ದಾರೆ. ಕಷ್ಟ ಎಷ್ಟು ವರ್ಷ ನಡೆಯಿತು, ಆಗ ಮಗುವನ್ನು ಯಾರು ಅಪ್ಪಿಕೊಂಡರು ಅನ್ನುವುದು ಆ ಅಂಕದಲ್ಲಿ ಬರುವುದೇ ಇಲ್ಲ.

ನಿಮಗೆ ಬೇಕಾದ ಅಧ್ಯಯನ ಇನ್ನೊಂದಿದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ತಂಡ ನಡುವಯಸ್ಸಿನವರೆಗೂ ಗಮನಿಸಿತು. ಬಡತನ, ಜಗಳ, ಕುಡಿತದ ಮನೆಗಳಲ್ಲಿ ಬೆಳೆದವರಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬೆಳೆದು ನಿಂತರು. ಇಂಥವರಿಗೆ ನೆಚ್ಚಿಕೊಳ್ಳಲು ಯಾರೋ ಒಬ್ಬರು ದೊಡ್ಡವರು ಇದ್ದರು. ಅಜ್ಜಿ, ಮಾಮಾ, ಟೀಚರ್, ಯಾರಾದರೂ ಸರಿ. ನಿಮ್ಮ ತವರಿನಲ್ಲಿ ಆ ಬಲ ಇದೆ, ಅಲ್ವಾ?

ಈಗ ಥೆರಪಿ. ಇಂಥ ಮಕ್ಕಳಿಗೆ ಹೆಚ್ಚು ಪುರಾವೆ ಇರುವ ಪದ್ಧತಿ ಟ್ರಾಮಾ ಫೋಕಸ್ಡ್ ಸಿಬಿಟಿ, ಅಂದರೆ ಮನಸ್ಸಿಗೆ ಆದ ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿ. ಮೊದಲು ಮೈಯ ಗಾಬರಿ ಇಳಿಸುವುದನ್ನು ಕಲಿಸುತ್ತಾರೆ: ನಿಧಾನ ಉಸಿರಾಟ, ಭಯ ಬಂದಾಗ ‘ಭಯ’ ಅಂತ ಹೇಳುವುದು. ಎಂಟು ವರ್ಷದವನಿಗೆ ಇದನ್ನೆಲ್ಲ ಆಟ, ಚಿತ್ರದ ಮೂಲಕವೇ ಕಲಿಸಬೇಕು. ಹಾಗಾಗಿ ಸುಮ್ನೆ ಆಡಿಸುತ್ತಾರೆ ಅಂದುಕೊಳ್ಳಬೇಡಿ. ನಡೆದದ್ದನ್ನು ಮಗು ಸ್ವಲ್ಪ ಸ್ವಲ್ಪವೇ ಹೇಳುವ ಹಂತ ಆಮೇಲೆ. ಆದರೆ ತಿಂಗಳುಗಳು ಕಳೆದರೂ ನಿಮ್ಮನ್ನು ಒಳಗೆ ಕೂರಿಸಿಕೊಂಡು ಮಾತಾಡಿಲ್ಲ ಅಂದರೆ ನನಗೆ ಅದು ಸರಿ ಕಾಣದು. ‘ಈಗ ಯಾವ ಹಂತ, ಮನೆಯಲ್ಲಿ ನಾನೇನು ಮಾಡಲಿ?’ ಅಂತ ನೇರವಾಗಿ ಕೇಳಿ. ಈ ಪದ್ಧತಿಯಲ್ಲಿ ತಾಯಿಗೂ ಪಾಲಿದೆ.

ಅವ್ವನ ಮಾತು ಅರ್ಧ ಸರಿ. ಮನೆಗೆ ಬಂದ ನೆಂಟರೆಲ್ಲ ‘ಅಪ್ಪ ಹೆಂಗ ಹೊಡೀತಿದ್ದ?’ ಅಂತ ಕೇಳುವುದು ಬೇಡವೇ ಬೇಡ. ಆದರೆ ಅವನಾಗಿ ಬಾಯಿ ಬಿಟ್ಟಾಗ ‘ಅದೆಲ್ಲ ಬಿಡು’ ಅನ್ನಬಾರದು. ಕೇಳಿಸಿಕೊಳ್ಳಿ. ‘ನಿನ್ನ ತಪ್ಪಿಲ್ಲ’ ಅನ್ನಿ. ಅವ್ವ ತಾಯತ ಕಟ್ಟಿಸಿದರೆ ಅದಕ್ಕೊಂದು ಜಗಳ ಬೇಡ, ಥೆರಪಿ ಮಾತ್ರ ನಿಲ್ಲಿಸಬೇಡಿ.

ನೀವು ಬರೆಯದ ವಿಷಯ ಒಂದಿದೆ. ನಿಮ್ಮ ಗಂಡ ಈಗಲೂ ಬಾಗಿಲಿಗೆ ಬಂದು ಕೂಗಾಡುತ್ತಾರಾ? ಹಾಗಿದ್ದರೆ ಮಗನ ಭಯ ಹಳೆಯದಲ್ಲ, ಇವತ್ತಿನದು. ಉಸಿರಾಟ ಕಲಿಸಿ ಅದನ್ನು ಇಳಿಸಲಾಗದು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾ ಆದೇಶ ಕೇಳಬಹುದು.

ಹಾಸಿಗೆ ಒದ್ದೆಯಾದರೆ ಬೈಯಬೇಡಿ, ಬೇರೆಯವರ ಎದುರು ಆಡಿಕೊಳ್ಳಬೇಡಿ. ಎಲ್ಲವನ್ನೂ ಮನಸ್ಸಿನ ಮೇಲೇ ಹಾಕುವುದೂ ಬೇಡ. ಮಕ್ಕಳ ಡಾಕ್ಟರ ಹತ್ತಿರ ಒಮ್ಮೆ ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಅಥವಾ ಸಕ್ಕರೆ ಕಾಯಿಲೆ ಇದ್ದರೆ ತಿಳಿಯುತ್ತದೆ. ಮತ್ತೆ, ನಿಮ್ಮ ನಿದ್ದೆ ಹೇಗಿದೆ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಹೊಡೆತ ತಿಂದವರು ನೀವು, ಮಗನ ಹೆಸರಲ್ಲಿ ಮಾತ್ರ ಅಲ್ಲ, ನಿಮ್ಮ ಸಲುವಾಗಿಯೂ ಒಮ್ಮೆ ಕರೆ ಮಾಡಿ.