ಸತ್ತ ಏಳು ಜನರ ಹೆಸರು ಎಲ್ಲಿ?

ನಮಸ್ಕಾರ.

‘ಷಿಕಾಗೋದ ರಕ್ತದ ಗುಲಾಬಿ’ ಅಂತ ನೀವು ಕಳಿಸಿದ ಲೇಖನ ಓದಿದೆ. 1929ರ ಫೆಬ್ರವರಿ 14ರಂದು, ಪ್ರೇಮಿಗಳ ದಿನದ ಬೆಳಿಗ್ಗೆ, ಷಿಕಾಗೋದ ಒಂದು ಗ್ಯಾರೇಜಿನಲ್ಲಿ ನಡೆದ ಕಗ್ಗೊಲೆಯ ಕಥೆ. ಓದಿಸಿಕೊಂಡು ಹೋಗುತ್ತದೆ. ಭಾಷೆ ಸರಾಗವಾಗಿದೆ. ಮದ್ಯ ನಿಷೇಧ ಬಂದ ಮೇಲೆ ಕಳ್ಳ ಹೆಂಡದ ದುಡ್ಡಿಗಾಗಿ ಗುಂಪುಗಳು ಹೇಗೆ ಹೊಡೆದಾಡಿದವು ಅನ್ನೋದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಆದರೆ ಈಗಿರುವ ಹಾಗೆ ಇದನ್ನು ನಾನು ಪ್ರಕಟಿಸುವುದಿಲ್ಲ.

ಮೂರನೇ ಪುಟದಲ್ಲಿ ಎರಡು ಸಾಲು ಬರೆದಿದ್ದೀರಿ: ‘ಸತ್ತವರು ಏಳು ಜನ, ಏಳೂ ಜನ ಪಾತಕಿಗಳೇ. ಅವರಿಗಾಗಿ ಅಳುವವರು ಯಾರೂ ಇರಲಿಲ್ಲ.’ ಇದನ್ನು ಓದಿ ನನಗೆ ಸಿಟ್ಟು ಬಂತು. ಹದಿನಾಲ್ಕು ಪುಟದ ಲೇಖನದಲ್ಲಿ ಷಿಕಾಗೋದ ಪಾತಕಿ ಗುಂಪಿನ ನಾಯಕ ಅಲ್ ಕಪೋನ್‌ನ ಸೂಟಿನ ಬಣ್ಣ ಇದೆ, ಟೋಪಿ ಇದೆ, ಕೆನ್ನೆಯ ಗಾಯದ ಗುರುತು ಮೂರು ಸಲ ಬರುತ್ತದೆ. ಸತ್ತವರ ಹೆಸರು ಒಂದೇ ಒಂದು ಇಲ್ಲ.

ಆ ಗ್ಯಾರೇಜಿನಲ್ಲಿ ಜಾನ್ ಮೇ ಅಂತ ಒಬ್ಬ ಮೆಕ್ಯಾನಿಕ್ ಇದ್ದ. ಲಾರಿ ರಿಪೇರಿ ಮಾಡುತ್ತಿದ್ದ. ಹೆಂಡತಿ, ಮಕ್ಕಳು ಇದ್ದರು. ಅವನ ನಾಯಿಯನ್ನು ಲಾರಿಯೊಂದಕ್ಕೆ ಕಟ್ಟಿದ್ದರು. ಅದು ಬೊಗಳಿ ಊಳಿಟ್ಟಿದ್ದರಿಂದಲೂ ಅಕ್ಕಪಕ್ಕದವರಿಗೆ ಏನೋ ಆಗಿದೆ ಅಂತ ಗೊತ್ತಾಯಿತು. ರೈನ್‌ಹಾರ್ಟ್ ಶ್ವಿಮರ್ ಕನ್ನಡಕದ ಕಸುಬಿನವನು. ಕಸುಬು ಬಿಟ್ಟು ಜೂಜಿಗೆ ಬಿದ್ದಿದ್ದ. ಕಪೋನ್‌ನ ಎದುರಾಳಿ ಬಗ್ಸ್ ಮೊರಾನ್ ಗುಂಪಿನವರ ಜೊತೆ ಓಡಾಡೋದು ಅವನಿಗೊಂದು ಹುಚ್ಚು. ಆ ಬೆಳಿಗ್ಗೆ ಸುಮ್ನೆ ಅಲ್ಲಿಗೆ ಹೋಗಿದ್ದ. ಆಲ್ಬರ್ಟ್ ವೈನ್‌ಶ್ಯಾಂಕ್ ನೋಡಲು ಮೊರಾನ್ ಹಾಗೇ ಇದ್ದ. ಅವನನ್ನೇ ಮೊರಾನ್ ಅಂದುಕೊಂಡು, ಹೊರಗೆ ಕಾದು ನೋಡುತ್ತಿದ್ದವರು ಕೊಲೆಗಾರರಿಗೆ ಸುಳಿವು ಕೊಟ್ಟಿರಬೇಕು ಅಂತ ಹೇಳುತ್ತಾರೆ. ಆ್ಯಡಂ ಹೇಯರ್ ಗುಂಪಿನ ಲೆಕ್ಕ ನೋಡುತ್ತಿದ್ದವನು. ಜೇಮ್ಸ್ ಕ್ಲಾರ್ಕ್ ಅನ್ನೋ ಹೆಸರಿಟ್ಟುಕೊಂಡಿದ್ದ ಆಲ್ಬರ್ಟ್ ಕಾಚೆಲೆಕ್, ಪೀಟರ್ ಮತ್ತು ಫ್ರಾಂಕ್ ಗುಸೆನ್‌ಬರ್ಗ್ ಅನ್ನೋ ಅಣ್ಣತಮ್ಮಂದಿರು ಮಾತ್ರ ನೀವು ಹೇಳುವ ಅರ್ಥದಲ್ಲಿ ಪಕ್ಕಾ ಪಾತಕಿಗಳು. ಫ್ರಾಂಕ್ ಮೈಮೇಲೆ 14 ಗುಂಡೇಟು ಬಿದ್ದಿದ್ದರೂ ಸುಮಾರು ಮೂರು ಗಂಟೆ ಬದುಕಿದ್ದ. ಯಾರು ಹೊಡೆದರು ಅಂತ ಪೊಲೀಸರು ಕೇಳಿದರೆ ಯಾರೂ ಹೊಡೆದಿಲ್ಲ ಅಂದ. ಅಳುವವರು ಇರಲಿಲ್ಲ ಅಂತ ನಿಮಗೆ ಹೇಳಿದವರು ಯಾರು?

ಇನ್ನು ನಿಮ್ಮ ಮೊದಲ ಪ್ಯಾರಾ. ‘ಆ ಬೆಳಿಗ್ಗೆ ಅಲ್ ಕಪೋನ್ ಕಿಟಕಿಯ ಬಳಿ ನಿಂತು ಸಿಗಾರ್ ಹಚ್ಚಿದ. ಹೊರಗೆ ಹಿಮ ಬೀಳುತ್ತಿತ್ತು. ಇವತ್ತಿಗೆ ಮೊರಾನ್ ಕಥೆ ಮುಗಿಯಿತು ಎಂದುಕೊಂಡು ಮನಸ್ಸಿನಲ್ಲೇ ನಕ್ಕ.’

ಒಂದೊಂದೇ ಸಾಲು ನೋಡೋಣ. ಯಾವ ಕಿಟಕಿ? ಅವತ್ತು ಕಪೋನ್ ಷಿಕಾಗೋದಲ್ಲೇ ಇರಲಿಲ್ಲ, ಫ್ಲಾರಿಡಾದಲ್ಲಿದ್ದ. ಮಯಾಮಿ ಬೀಚಿನ ಪಾಮ್ ಐಲೆಂಡಿನಲ್ಲಿ ಅವನಿಗೆ ಮನೆ ಇತ್ತು. ಅಲ್ಲಿ ಹಿಮ ಎಲ್ಲಿಂದ ಬರಬೇಕು? ಕೊನೆಯ ಸಾಲು ಇನ್ನೂ ಕೆಟ್ಟದ್ದು. ಅವನು ಮನಸ್ಸಿನಲ್ಲಿ ಏನಂದುಕೊಂಡ ಅಂತ ಯಾರಿಗೂ ಗೊತ್ತಿಲ್ಲ. ಕೊಲ್ಲಲು ಅವನೇ ಹೇಳಿದ ಅಂತ ಹೆಚ್ಚಿನವರು ನಂಬುತ್ತಾರೆ, ನಾನೂ ನಂಬುತ್ತೇನೆ. ಆದರೆ ಈ ಏಳು ಕೊಲೆಗಳಿಗೆ ಯಾವ ಕೋರ್ಟೂ ಯಾರಿಗೂ ಶಿಕ್ಷೆ ಕೊಡಲಿಲ್ಲ. ಕಪೋನ್‌ಗೆ 1931ರಲ್ಲಿ 11 ವರ್ಷ ಶಿಕ್ಷೆಯಾದದ್ದು ತೆರಿಗೆ ತಪ್ಪಿಸಿದ್ದಕ್ಕೆ. ಕೋರ್ಟಿನಲ್ಲಿ ಸಾಬೀತಾಗದ್ದನ್ನು ನೀವು ಒಂದು ನಗೆಯಲ್ಲಿ ಸಾಬೀತು ಮಾಡಿಬಿಟ್ಟಿದ್ದೀರಿ. ಮುಂದಿನ ಸಾಲಲ್ಲೇ ಸರಿಯಾದ ತಾರೀಕು, ನಾರ್ತ್ ಕ್ಲಾರ್ಕ್ ಬೀದಿಯ 2122ನೇ ನಂಬರು ಬರುತ್ತದೆ. ಓದುವವರು ಅದನ್ನು ನಂಬಿದ ಹಾಗೇ ಇದನ್ನೂ ನಂಬುತ್ತಾರೆ. ಕಥೆ ಬರೆಯುವುದಾದರೆ ಕಥೆ ಅಂತಲೇ ಕಳಿಸಿ, ಬೇರೆ ರೀತಿ ಓದುತ್ತೇನೆ.

ನಾನು ಕೆಲಸ ಕಲಿತದ್ದು ಒಂದು ಸಂಜೆ ಪತ್ರಿಕೆಯ ಕ್ರೈಂ ಡೆಸ್ಕಿನಲ್ಲಿ. ಬೆಂಗಳೂರಿನಲ್ಲಿ ರೌಡಿಗಳ ಹೊಡೆದಾಟ ಜೋರಾಗಿದ್ದ ಕಾಲ. ಅಡ್ಡಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿದರೆ ಪತ್ರಿಕೆ ಖರ್ಚಾಗುತ್ತಿತ್ತು. ನಮ್ಮ ಡೆಸ್ಕಿನ ಹಿರಿಯರೊಬ್ಬರು ಅದಕ್ಕೆ ಒಪ್ಪುತ್ತಿರಲಿಲ್ಲ. ಕೊಲೆ ಸುದ್ದಿ ತಂದವರನ್ನು ಅವರು ಮೊದಲು ಕೇಳುತ್ತಿದ್ದದ್ದು ಮಚ್ಚಿನ ಏಟು ಎಷ್ಟು ಅಂತ ಅಲ್ಲ. ‘ಅಪ್ಪ ಅಮ್ಮ ಇಟ್ಟ ಹೆಸರೇನು? ವಯಸ್ಸೆಷ್ಟು? ಹೆಣ ತಗೊಂಡು ಹೋಗೋಕೆ ಯಾರು ಬಂದಿದ್ರು?’ ಇದು ಅವರ ಪ್ರಶ್ನೆ. ಮೂರನೆಯದಕ್ಕೆ ಉತ್ತರ ಬೇಕಾದರೆ ಶವಾಗಾರದ ಹೊರಗೆ ನಿಂತು ಕಾಯಬೇಕು. ನಾನು ಕಾಯುತ್ತಿದ್ದೆ. ಪೋಸ್ಟ್‌ಮಾರ್ಟಂ ಮುಗಿಯೋವರೆಗೆ ಅಲ್ಲಿ ಕೂತಿರುತ್ತಿದ್ದವರು ಹೆಚ್ಚಾಗಿ ಹೆಂಗಸರು. ಊರಿಗೆಲ್ಲ ರೌಡಿಯಾದವನನ್ನು ಅವರು ಮನೆಯಲ್ಲಿ ಕರೆಯುತ್ತಿದ್ದ ಹೆಸರಿನಲ್ಲೇ ಕೂಗಿ ಅಳುತ್ತಿದ್ದರು. ಅದನ್ನು ಕೇಳಿದವರು ‘ಅಳುವವರು ಯಾರೂ ಇರಲಿಲ್ಲ’ ಅಂತ ಬರೆಯಲಾರರು. ಆ ಹಿರಿಯರು ‘ಎಂದುಕೊಂಡ’ ಅನ್ನೋದು ಯಾರ ವರದಿಯಲ್ಲಿ ಬಂದರೂ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ಪೊಲೀಸರ ಮಹಜರಿನಲ್ಲಿ ಇಲ್ಲದ್ದು, ಯಾರೂ ಕಣ್ಣಾರೆ ನೋಡದ್ದು ನಮ್ಮ ಪುಟದಲ್ಲೂ ಇರಬಾರದು ಅಂತ. ನಾನು ಇವತ್ತಿಗೂ ಅದನ್ನೇ ಪಾಲಿಸುತ್ತೇನೆ.

ಕಲ್ಪಿಸಿಕೊಳ್ಳುವ ಅಗತ್ಯವಾದರೂ ಏನಿತ್ತು? ಗೊತ್ತಿರುವುದೇ ಅಷ್ಟು ರೋಚಕವಾಗಿದೆ. ಒಳಗೆ ಬಂದವರು ನಾಲ್ಕು ಜನ, ಇಬ್ಬರು ಪೊಲೀಸ್ ಸಮವಸ್ತ್ರದಲ್ಲಿ. ಒಳಗಿದ್ದವರು ಮಾಮೂಲಿ ರೇಡು ಅಂದುಕೊಂಡು ಗೋಡೆಗೆ ಮುಖ ಮಾಡಿ ನಿಂತಿರಬೇಕು. ಗುಂಡು ಹಾರಿಸಿದ ಮೇಲೆ ಆ ‘ಪೊಲೀಸರು’ ತಮ್ಮ ಜೊತೆ ಬಂದಿದ್ದ ಉಳಿದಿಬ್ಬರನ್ನೇ ಕೈ ಮೇಲೆತ್ತಿಸಿ ಹೊರಗೆ ಕರೆದುಕೊಂಡು ಹೋದರು. ನೋಡಿದ ಜನ ಯಾರನ್ನೋ ಹಿಡಿದರು ಅಂದುಕೊಂಡರು. ಸಮವಸ್ತ್ರದ ಕಾರಣಕ್ಕೆ ಷಿಕಾಗೋ ಪೊಲೀಸರ ಮೇಲೆಯೇ ಅನುಮಾನ ಬಂತು. ಆಗ ಕ್ಯಾಲ್ವಿನ್ ಗಾಡರ್ಡ್ ಅನ್ನೋ ಬಂದೂಕು, ಗುಂಡುಗಳ ಪರಿಣತನನ್ನು ಕರೆಸಿದರು. ಪೊಲೀಸರ ಬಳಿಯಿದ್ದ ಥಾಂಪ್ಸನ್ ಮೆಷಿನ್ ಗನ್ನುಗಳಿಂದ ಗುಂಡು ಹಾರಿಸಿ, ಗ್ಯಾರೇಜಿನಲ್ಲಿ ಸಿಕ್ಕ ಖಾಲಿ ತೋಟಾಗಳ ಜೊತೆ ಮೈಕ್ರೋಸ್ಕೋಪಿನಲ್ಲಿ ಹೋಲಿಸಿ, ಇವು ಆ ಗನ್ನುಗಳಲ್ಲ ಅಂತ ಅವನು ತೋರಿಸಿದ. ಅದೇ ವರ್ಷ ಡಿಸೆಂಬರಿನಲ್ಲಿ ಮಿಷಿಗನ್ ರಾಜ್ಯದ ಸೇಂಟ್ ಜೋಸೆಫ್ ಊರಲ್ಲಿ ಒಂದು ಸಣ್ಣ ಕಾರು ಅಪಘಾತದ ಜಗಳ ಬಿಡಿಸಲು ಹೋದ ಚಾರ್ಲ್ಸ್ ಸ್ಕೆಲ್ಲಿ ಅನ್ನೋ ಯುವ ಪೊಲೀಸನನ್ನು ಫ್ರೆಡ್ ಬರ್ಕ್ ಅನ್ನೋ ಪಾತಕಿ ಗುಂಡಿಟ್ಟು ಕೊಂದ. ಬರ್ಕ್ ಮನೆ ಜಾಲಾಡಿದಾಗ ಎರಡು ಥಾಂಪ್ಸನ್ ಗನ್ನು ಸಿಕ್ಕವು. ಕ್ಲಾರ್ಕ್ ಬೀದಿಯ ಗುಂಡುಗಳು ಅವುಗಳದ್ದೇ ಅಂತ ಗಾಡರ್ಡ್ ಹೇಳಿದ. ಇಷ್ಟಾದರೂ ಬರ್ಕ್‌ಗೆ ಜೀವಾವಧಿ ಶಿಕ್ಷೆಯಾದದ್ದು ಸ್ಕೆಲ್ಲಿ ಕೊಲೆಗೆ ಮಾತ್ರ.

ಇದೆಲ್ಲ ನಿಮ್ಮ ಲೇಖನದಲ್ಲಿ ‘ವಿಜ್ಞಾನದ ನೆರವಿನಿಂದ ತನಿಖೆ ಮುಂದುವರಿಯಿತು’ ಅನ್ನೋ ಒಂದೇ ಸಾಲು! ಆ ಸಾಲು ಇರುವ ಜಾಗದಲ್ಲಿ ನಾಲ್ಕು ಪುಟ ಬರಬೇಕು. ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಕಪೋನ್ ನಡುವೆ ಎಲ್ಲಾದರೂ ಬರಲಿ. ಏಳು ಹೆಸರೂ ಇರಬೇಕು, ಸ್ಕೆಲ್ಲಿಯದ್ದೂ.

ಕೊನೆಯಲ್ಲಿ ಜೇಕ್ ಲಿಂಗಲ್ ಬಗ್ಗೆ ಒಂದು ಪ್ಯಾರಾ ಇದೆ. ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ವರದಿಗಾರ, 1930ರ ಜೂನ್ 9ರಂದು ಕೊಲೆಯಾದವನು. ಮೊದಲು ಅವನು ಹುತಾತ್ಮನಾದ. ಆಮೇಲೆ ವಾರಕ್ಕೆ 65 ಡಾಲರ್ ಸಂಬಳದವನು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ದುಡ್ಡು ಖರ್ಚು ಮಾಡುತ್ತಿದ್ದದ್ದು, ಕಪೋನ್ ಜೊತೆ ಗೆಳೆತನ ಇದ್ದದ್ದು ಬಯಲಿಗೆ ಬಂತು. ಅದನ್ನು ಇಲ್ಲಿಂದ ತೆಗೆದು ಬೇರೆಯೇ ಲೇಖನ ಮಾಡಿ. ಕ್ರೈಂ ಡೆಸ್ಕಿನಲ್ಲಿ ದುಡಿದ ನನಗೆ ಆ ಪ್ರಕರಣ ತುಂಬಾ ಕಾಡಿದೆ. ಗ್ಯಾರೇಜಿನ ಲೇಖನ ತಿದ್ದಿ ಮೊದಲು ಕಳಿಸಿ, ಲಿಂಗಲ್ ಲೇಖನಕ್ಕೆ ಅದರ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.